ಹಲಸಿನ ಮೇಣ, ಯಂತ್ರದ ಜಿಡ್ಡು

ಹಲಸಿನ ಸಂತೆಗೆ ಹೆಸರಾದ ಚೇಳೂರಿನಲ್ಲಿ ಹಣ್ಣು ಬಿಡಿಸುವ ಗೃಹಿಣಿ ಮೊದಲು ಕೈಗೂ ಮಚ್ಚಿಗೂ ಕೊಬ್ಬರಿ ಎಣ್ಣೆ ಸವರುತ್ತಾಳೆ. ನೀರಿಗೆ ಜಗ್ಗದ ಮೇಣ ಎಣ್ಣೆಗೆ ಮಣಿಯುವುದನ್ನು ಅವಳಿಗೆ ಯಾವ ಶಾಲೆಯೂ ಕಲಿಸಲಿಲ್ಲ. ಕಾರ್ಖಾನೆಗೆ ಹೋಗುವ ಮಗನಾದರೋ ಯಂತ್ರದ ಜಿಡ್ಡನ್ನು ಪೆಟ್ರೋಲಿನಲ್ಲಿ ತೊಳೆದು, ಒಡೆದ ಅಂಗೈಗಳೊಡನೆ ಮನೆಗೆ ಮರಳುತ್ತಾನೆ.

ಕಿತ್ತಳೆ ಸಿಪ್ಪೆಯಿಂದ ದೊರೆಯುವ ಲಿಮೊನೀನ್ ಎಂಬ ದ್ರವವೂ ಆ ಜಿಡ್ಡನ್ನು ಕರಗಿಸಬಲ್ಲದು. ಪೆಟ್ರೋಲಿನ ಆವಿ ಕೊರೆಯುವ ಚಳಿಯಲ್ಲಿಯೂ ಕಿಡಿಗೆ ಹೊತ್ತಿಕೊಳ್ಳುತ್ತದೆ. ಇದಕ್ಕೆ ಸುಮಾರು 48 ಡಿಗ್ರಿ ಸೆಲ್ಸಿಯಸ್ ಕಾವು ಬೇಕು. ಹಾಗೆಂದು ಬೆಂಕಿಯ ಬಳಿ ಇಡಲಾಗದು. ಗಾಳಿಗೆ ತೆರೆದಿಟ್ಟು ಹಳತಾದರೆ ಚರ್ಮಕ್ಕೆ ತುರಿಕೆಯನ್ನೂ ತರಬಲ್ಲದು. ಕೈಗವಸು ಬೇಕೇ ಬೇಕು.

“ಹಣ್ಣಿನಿಂದ ಬಂದದ್ದಮ್ಮ, ಏನೂ ಆಗಲ್ಲ” ಎಂದು ಮಗ ಉದಾಸೀನ ತೋರಿದರೆ ತಾಯಿಯ ಬಳಿ ಉತ್ತರವಿದೆ: “ಮೇಣವೂ ಹಣ್ಣಿನಿಂದಲೇ ಬಂದದ್ದು ಕಣಪ್ಪ!”