ಮಕ್ಕಳಿಗೆ ವಿಷಯಗ್ರಂಥಗಳ ಆಯ್ಕೆ

ಮಕ್ಕಳಿಗೆ ಕಥೆಯ ಪುಸ್ತಕವನ್ನು ಆರಿಸಿಕೊಡುವುದು ಅಷ್ಟೇನೂ ಕಷ್ಟವಾದ ಕಾರ್ಯವಲ್ಲ. ಕಥೆ ರುಚಿಸದಿದ್ದರೆ ಮಗುವೇ ಅದನ್ನು ಮೂಲೆಗೆ ಹಾಕುತ್ತದೆ. ರುಚಿಸಿದರೆ ಹಾಳೆ ಹರಿಯುವವರೆಗೂ ಓದುತ್ತದೆ. ನರಿ ಮಾತನಾಡಿತೆಂದು ಓದಿದ ಯಾವ ಬಾಲಕನೂ ಹೊಲಕ್ಕೆ ಹೋಗಿ ನರಿಯೊಡನೆ ಸಂಭಾಷಣೆಗೆ ನಿಂತುದನ್ನು ನಾವು ಕಂಡಿಲ್ಲ. ಆದರೆ ಗಿಡಮರ, ಪಶುಪಕ್ಷಿ, ಭೂಗೋಳ, ಖಗೋಳ, ಯಂತ್ರ, ಮಹನೀಯರ ಚರಿತ್ರೆ ಮೊದಲಾದವನ್ನು ಕುರಿತು 'ಇದು ಹೀಗೆಯೇ ಇದೆ' ಎಂದು ತಿಳಿಸುವ ವಿಷಯಗ್ರಂಥಗಳ ಮಾತು ಬೇರೆ. ಅವುಗಳಲ್ಲಿ ಅಚ್ಚಾದುದನ್ನು ಎಂಟು ಹತ್ತು ವರ್ಷದ ಮಗು ವೇದವಾಕ್ಯವೆಂದೇ ನಂಬುತ್ತದೆ. ಆದುದರಿಂದ ಬಟ್ಟೆಯನ್ನು ಕೊಳ್ಳುವಾಗ ತೋರಿಸುವ ಎಚ್ಚರದಲ್ಲಿ ಅರ್ಧದಷ್ಟನ್ನಾದರೂ ಗೃಹಸ್ಥರು ಇಂತಹ ಪುಸ್ತಕವನ್ನು ಕೊಳ್ಳುವಾಗ ತೋರಿಸಬೇಕೆಂಬುದು ನಮ್ಮ ಬಿನ್ನಹ.

ನಾವು ಪ್ರಾಥಮಿಕ ಶಾಲೆಯಲ್ಲಿ ಉಪಾಧ್ಯಾಯರಾಗಿದ್ದಾಗ ಕಣ್ಣೆದುರಿಗೆ ನಡೆದ ಒಂದು ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ನಾಲ್ಕನೆಯ ತರಗತಿಯ ಹುಡುಗಿಯೊಬ್ಬಳು ಕಿಟಕಿಯ ಮೂಲೆಯಲ್ಲಿ ಬಲೆ ನೇಯ್ದಿದ್ದ ಜೇಡವನ್ನು ಬಹಳ ಹೊತ್ತು ನೋಡಿ, ಅದರ ಚಿತ್ರವನ್ನು ತೆಗೆದು, 'ಕಾಲುಗಳು ಎಂಟು' ಎಂದು ಕೆಳಗೆ ಬರೆದಿದ್ದಳು. ಮರುದಿನ ಯಾರೋ ದಾನವಾಗಿ ಕೊಟ್ಟಿದ್ದ ಬಣ್ಣದ ಪುಸ್ತಕವೊಂದರಲ್ಲಿ ಆರು ಕಾಲಿನ ಜೇಡದ ಚಿತ್ರವು ಅವಳ ಕಣ್ಣಿಗೆ ಬಿದ್ದಿತು. ಒಡನೆಯೇ ಅವಳು ತನ್ನ ಚಿತ್ರದಲ್ಲಿ ಎರಡು ಕಾಲುಗಳನ್ನು ರಬ್ಬರಿನಿಂದ ಉಜ್ಜಿ ತೆಗೆದು, ಎಂಟನ್ನು ಆರೆಂದು ತಿದ್ದಿದಳು. ಏಕಮ್ಮಾ ಎಂದು ಕೇಳಿದರೆ, "ಪುಸ್ತಕದಲ್ಲಿ ಹಾಗಿದೆ ಮೇಷ್ಟ್ರೇ" ಎಂದಳು. ಜೇಡವು ಇನ್ನೂ ಕಿಟಕಿಯಲ್ಲಿಯೇ ಇದ್ದಿತು. ತಲೆಯೆತ್ತಿ ನೋಡುವ ಅಗತ್ಯವು ಅವಳಿಗೆ ತೋರಲಿಲ್ಲ. ಚಿತ್ರದ ಎರಡು ಕಾಲು ಹೋದುದು ಸಣ್ಣ ಮಾತು. ತನ್ನ ಕಣ್ಣನ್ನು ತಾನೇ ನಂಬದೆ ಹೋದಳಲ್ಲಾ ಎಂಬುದು ನಮ್ಮನ್ನು ಬಹುಕಾಲ ಬಾಧಿಸಿತು.

ನ್ಯಾಯಶಾಸ್ತ್ರದಲ್ಲಿ ಅರಿವಿಗೆ ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ ಎಂದು ನಾಲ್ಕು ಪ್ರಮಾಣಗಳನ್ನು ಹೇಳಿದ್ದಾರೆ. ಪುಸ್ತಕವು ಶಬ್ದಕ್ಕೆ ಸೇರಿದ್ದು. ಆದರೆ ಒಳ್ಳೆಯ ಪುಸ್ತಕವು ಮಿಕ್ಕ ಮೂರನ್ನು ಮರೆಸುವುದಿಲ್ಲ, ಅವುಗಳತ್ತ ಮಗುವನ್ನು ಕೈಹಿಡಿದು ಕರೆದೊಯ್ಯುತ್ತದೆ. ಈ ನಾಲ್ಕನ್ನೇ ಒರೆಗಲ್ಲಾಗಿ ಇಟ್ಟುಕೊಂಡು ನಾವು ಪುಸ್ತಕಗಳನ್ನು ಆರಿಸುತ್ತ ಬಂದಿದ್ದೇವೆ.

ಮೊದಲನೆಯದು ಪ್ರತ್ಯಕ್ಷ. ಪುಸ್ತಕವು ಮಗುವನ್ನು ಅಂಗಳಕ್ಕೆ ಕಳುಹಿಸುತ್ತದೆಯೇ? 'ಚಂದ್ರನಿಗೆ ವೃದ್ಧಿಕ್ಷಯಗಳುಂಟು' ಎಂದು ಹೇಳಿ ಮುಗಿಸುವ ಪುಸ್ತಕಕ್ಕಿಂತ, ಬಿದಿಗೆಯಿಂದ ಹುಣ್ಣಿಮೆಯವರೆಗೆ ಪ್ರತಿ ಸಂಜೆಯೂ ಚಂದ್ರನನ್ನು ನೋಡಿ ಅದರ ಆಕಾರವನ್ನು ಬರೆದಿಡು ಎನ್ನುವ ಪುಸ್ತಕವು ಮೇಲು. ನೆಟ್ಟ ಕೋಲಿನ ನೆರಳನ್ನು ಬೆಳಗ್ಗೆ, ಮಧ್ಯಾಹ್ನ, ಸಂಜೆ ಅಳೆಯಿಸುವ ಒಂದು ಪುಟವು, ಸೂರ್ಯನ ಹತ್ತು ಬಣ್ಣದ ಚಿತ್ರಗಳಿಗೆ ಸಮ.

ಎರಡನೆಯದು ಅನುಮಾನ. 'ಭೂಮಿಯು ಗುಂಡಗಿದೆ' ಎಂಬುದನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ಅದು ಹೇಗೆ ಗೊತ್ತಾಯಿತು ಎಂಬುದನ್ನು ಕೆಲವು ಮಾತ್ರ ಹೇಳುತ್ತವೆ. ಚಂದ್ರಗ್ರಹಣದಲ್ಲಿ ಚಂದ್ರನ ಮೇಲೆ ಬೀಳುವ ಭೂಮಿಯ ನೆರಳಿನ ಅಂಚು ಯಾವಾಗಲೂ ಬಾಗಿಯೇ ಇರುತ್ತದೆ ಎಂದು ತೋರಿಸಿಕೊಟ್ಟರೆ, ಮಗುವು ತಾನೇ ಯುಕ್ತಿಯಿಂದ ಆ ತೀರ್ಮಾನಕ್ಕೆ ಬರುತ್ತದೆ. ಹೇಗೆ, ಏಕೆ ಎಂಬ ಪ್ರಶ್ನೆಗಳಿಗೆ ಎಡೆಕೊಡದ ಪುಸ್ತಕವು ಬಾಯಿಪಾಠದ ಪಟ್ಟಿಯಷ್ಟೇ.

ಮೂರನೆಯದು ಉಪಮಾನ. ಗವಯವೆಂಬ ಕಾಡುಮೃಗವನ್ನು ಕಾಣದವನಿಗೆ ಅದು ಹಸುವಿನಂತಿದೆಯೆಂದು ಹೇಳಿ, ಅವನು ಕಾಡಿನಲ್ಲಿ ಅದನ್ನು ಗುರುತಿಸಿದ ದೃಷ್ಟಾಂತವನ್ನು ಶಾಸ್ತ್ರಜ್ಞರು ಕೊಡುತ್ತಾರೆ. ಮಕ್ಕಳ ಪುಸ್ತಕಕ್ಕೆ ಇದಕ್ಕಿಂತ ಒಳ್ಳೆಯ ಮಾರ್ಗದರ್ಶನವಿಲ್ಲ. ನೀಲಿ ತಿಮಿಂಗಿಲವು ಸುಮಾರು ೩೦ ಮೀಟರಿನವರೆಗೆ ಬೆಳೆಯುತ್ತದೆ ಎಂದರೆ ಮಗುವಿನ ಮನಸ್ಸಿನಲ್ಲಿ ಏನೂ ಮೂಡದು. ಎರಡೂವರೆ ಬಸ್ಸಿನಷ್ಟು ಉದ್ದವೆಂದರೆ ಕಣ್ಣು ಅರಳುತ್ತದೆ. ಪಾರಿಭಾಷಿಕ ಪದಗಳಿಗೂ ಇದೇ ಮಾತು. ಸಂಸ್ಕೃತವನ್ನು ಓದಿದ ನಮಗೆ 'ದ್ಯುತಿಸಂಶ್ಲೇಷಣೆ' ಎಂಬ ಶಬ್ದವು ಇಂಪಾಗಿಯೇ ಕೇಳುತ್ತದೆ. ಆದರೆ ದ್ಯುತಿ ಎಂದರೆ ಬೆಳಕು, ಸಂಶ್ಲೇಷಣೆ ಎಂದರೆ ಕೂಡಿಸುವುದು, ಎಲೆಯೇ ಗಿಡದ ಅಡುಗೆಮನೆ, ಬಿಸಿಲೇ ಅಲ್ಲಿಯ ಒಲೆ ಎಂದು ಬಿಡಿಸಿ ಹೇಳದಿದ್ದರೆ, ಆ ಪದವು ಮಗುವಿನ ಗಂಟಲಲ್ಲಿ ಸಿಕ್ಕಿಕೊಳ್ಳುವುದೇ ಹೊರತು ತಲೆಗೆ ಏರದು.

ನಾಲ್ಕನೆಯದು ಶಬ್ದ. ಆಪ್ತನ ಮಾತು ಮಾತ್ರವೇ ಪ್ರಮಾಣ. ಆಪ್ತನೆಂದರೆ ವಿಷಯವನ್ನು ಬಲ್ಲವನು, ಬಲ್ಲುದನ್ನು ಇದ್ದಂತೆ ಹೇಳುವವನು. ಆದುದರಿಂದ ಪುಸ್ತಕದಲ್ಲಿ ಗ್ರಂಥಕರ್ತರ ಹೆಸರಿದೆಯೇ, ಮುದ್ರಣದ ವರ್ಷವಿದೆಯೇ ಎಂದು ಮೊದಲು ನೋಡತಕ್ಕದ್ದು. ಇವೆರಡೂ ಇಲ್ಲದ ಮಿನುಗುವ ಪುಸ್ತಕಗಳು ಇಂದು ಅಂಗಡಿಗಳಲ್ಲಿ ರಾಶಿ ಬಿದ್ದಿವೆ. ಅವುಗಳ ಅನುವಾದಗಳಲ್ಲಿ ಚೀತಾವನ್ನು 'ಚಿರತೆ' ಎಂದು ಬರೆದು, ಚಿರತೆಯೇ ನೆಲದ ಮೇಲೆ ಅತಿವೇಗವಾಗಿ ಓಡುವ ಪ್ರಾಣಿಯೆಂದು ಸಾರುವುದನ್ನು ನಾವು ಕಂಡಿದ್ದೇವೆ. ನಮ್ಮ ಹಳ್ಳಿಗಳ ಅಂಚಿಗೆ ಬರುವ ಚಿರತೆ ಬೇರೆ. ೧೯೫೨ರಲ್ಲಿ ಭಾರತದಿಂದ ಅಳಿದುಹೋಯಿತೆಂದು ಸಾರಲ್ಪಟ್ಟು, ೨೦೨೨ರಲ್ಲಿ ನಮೀಬಿಯಾದಿಂದ ಮಧ್ಯಪ್ರದೇಶದ ಕುನೋ ಅರಣ್ಯಕ್ಕೆ ಪುನಃ ತರಲ್ಪಟ್ಟ ಚೀತಾ ಬೇರೆ. ಚೀತಾದ ಮೈಮೇಲೆ ತುಂಬಿದ ಕಪ್ಪು ಚುಕ್ಕೆಗಳು, ಚಿರತೆಯ ಮೈಮೇಲೆ ಹೂವಿನಾಕಾರದ ಗುರುತುಗಳು. ಪುಸ್ತಕವು ಇಷ್ಟನ್ನೂ ವಿಂಗಡಿಸದಿದ್ದರೆ ಅದರ ಬಣ್ಣದಿಂದ ಪ್ರಯೋಜನವೇನು?

ಕನ್ನಡದಲ್ಲಿ ಆಪ್ತರಾದ ಗ್ರಂಥಕರ್ತರಿಗೆ ಕೊರತೆಯಿಲ್ಲ. ಶಿವರಾಮ ಕಾರಂತರು ೧೯೩೬ರಷ್ಟು ಹಿಂದೆಯೇ ಮೂರು ಸಂಪುಟಗಳ 'ಬಾಲ ಪ್ರಪಂಚ'ವನ್ನು ಹೊರತಂದರು. ಅನಂತರ ನಿರಂಜನರ ಸಂಪಾದಕತ್ವದಲ್ಲಿ ಕಿರಿಯರಿಗಾಗಿ 'ಜ್ಞಾನಗಂಗೋತ್ರಿ'ಯು ಏಳು ಸಂಪುಟಗಳಾಗಿ ಬಂದಿತು. ೧೯೫೭ರಲ್ಲಿ ಸ್ಥಾಪಿತವಾದ ನ್ಯಾಷನಲ್ ಬುಕ್ ಟ್ರಸ್ಟಿನವರ ಮಕ್ಕಳ ಪುಸ್ತಕಗಳು ಅಲ್ಪಬೆಲೆಗೆ ಕನ್ನಡದಲ್ಲಿಯೂ ದೊರೆಯುತ್ತವೆ.

ಇಲ್ಲಿ ಒಂದು ಶಂಕೆ ಬರಬಹುದು. ಹಳೆಯ ಪುಸ್ತಕಗಳಲ್ಲಿ ಗ್ರಹಗಳು ಒಂಬತ್ತು ಎಂದಿದೆ. ೨೦೦೬ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದವರು ಪ್ಲೂಟೋವನ್ನು ಕುಬ್ಜಗ್ರಹಗಳ ಪಂಕ್ತಿಗೆ ಸೇರಿಸಿದ ಮೇಲೆ ಎಂಟೇ ಉಳಿದವು. ಕರ್ನಾಟಕದ ಜಿಲ್ಲೆಗಳು ೩೦ ಎಂದು ಓದಿದವರು, ೨೦೨೧ರಲ್ಲಿ ವಿಜಯನಗರ ಜಿಲ್ಲೆಯು ಆದ ಮೇಲೆ ೩೧ ಎಂದು ತಿದ್ದಿಕೊಳ್ಳಬೇಕಾಯಿತು. ಹಾಗಾದರೆ ಹಳೆಯ ಪುಸ್ತಕಗಳನ್ನು ರದ್ದಿಗೆ ಹಾಕೋಣವೇ? ಬೇಡ. ಮಗುವಿನ ಕೈಗೆ ಸೀಸದಕಡ್ಡಿಯನ್ನು ಕೊಟ್ಟು, ಪುಟದ ಅಂಚಿನಲ್ಲಿ ತಿದ್ದುಪಡಿಯನ್ನೂ ಅದರ ವರ್ಷವನ್ನೂ ಬರೆಯಿಸಿರಿ. ಆ ಜೇಡದ ಪುಸ್ತಕಕ್ಕೆ ನಾವು ಮಾಡಿದುದೂ ಇದನ್ನೇ. ತರಗತಿಯ ಮಕ್ಕಳನ್ನೆಲ್ಲ ಕಿಟಕಿಯ ಬಳಿಗೆ ಕರೆದು ಎಣಿಸಹೇಳಿದೆವು; ಎಲ್ಲರೂ ಎಂಟೆಂದ ಮೇಲೆ, ಆ ಹುಡುಗಿಯೇ ಪುಸ್ತಕದ ಜೇಡಕ್ಕೆ ಎರಡು ಕಾಲುಗಳನ್ನು ಸೇರಿಸಿದಳು. ಅಚ್ಚಾದುದನ್ನೂ ತಿದ್ದಬಹುದೆಂದು ತಿಳಿದಾಗ ಅವಳ ಮುಖದಲ್ಲಿ ಮೂಡಿದ ಬೆರಗನ್ನು ನಾವು ಮರೆತಿಲ್ಲ.

ಕೊನೆಯದಾಗಿ ತಾಯ್ತಂದೆಗಳಿಗೆ ಎರಡು ಸೂಚನೆಗಳು. ಪುಸ್ತಕವನ್ನು ಕೊಳ್ಳುವ ಮೊದಲು ಅಂಗಡಿಯಲ್ಲಿಯೇ ನಡುವಿನ ಒಂದು ಪುಟವನ್ನು ಮಗುವಿನಿಂದ ಗಟ್ಟಿಯಾಗಿ ಓದಿಸಿರಿ; ಸಾಲುಸಾಲಿಗೂ ಎಡವಿದರೆ ಅದು ಇನ್ನೆರಡು ವರ್ಷಗಳ ಅನಂತರದ ಪುಸ್ತಕ. ಮತ್ತು ವಿಷಯದ ಆಯ್ಕೆಯನ್ನು ಮಗುವಿಗೇ ಬಿಡಿರಿ: ಅದು ರೈಲನ್ನು ಕೇಳಿದರೆ ರೈಲು, ಇರುವೆಯನ್ನು ಕೇಳಿದರೆ ಇರುವೆ. ನಾಲ್ಕು ಪ್ರಮಾಣಗಳ ಪರೀಕ್ಷೆಯಷ್ಟೇ ಹಿರಿಯರ ಪಾಲಿಗೆ ಸಾಕು.