ಸೋಮಾರಿ ತಟ್ಟೆ

ನೀರಿನ ಮೇಲೆ ಒಳ್ಳೆಯ ಶೇಂಗಾ ಎಣ್ಣೆಯನ್ನು ಹೊಯ್ದು, ಹೊಯ್ದದ್ದನ್ನೇ ಮತ್ತೆ ತೆಗೆಯಲು ಅರ್ಧ ದಿವಸ ಹೆಣಗುವುದಕ್ಕಿಂತ ನಿಷ್ಪ್ರಯೋಜಕವಾದ ಉದ್ಯೋಗ ಲೋಕದಲ್ಲಿ ಇನ್ನೊಂದಿರಲಾರದೆಂಬುದು ನಮ್ಮ ಮನೆಯವರ ಬಹುಕಾಲದ ಅಭಿಪ್ರಾಯ. ಎಣ್ಣೆಯ ಇಂದಿನ ಬೆಲೆಯನ್ನು ನೆನೆದರೆ ಆ ಅಭಿಪ್ರಾಯವನ್ನು ಖಂಡಿಸುವ ಧೈರ್ಯ ನನಗೂ ಬಾರದು. ಆದರೂ ಕರಾವಳಿಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನವನ್ನು ಹೇಳಿಕೊಡುತ್ತಿರುವ ನನಗೆ ವರ್ಷದ ಪಾಠಗಳಲ್ಲೆಲ್ಲ ಅತ್ಯಂತ ಪ್ರಿಯವಾದುದು ಯಾವುದೆಂದು ಯಾರಾದರೂ ಕೇಳಿದರೆ, ಓಮನ ನಿಯಮವನ್ನೂ ದಾಸವಾಳದ ಕೇಸರಗಳನ್ನೂ ಬದಿಗಿಟ್ಟು, ಮಳೆ ಹಿಂದೆಗೆದ ಮೇಲೆ ಶಾಲೆಯ ಹಿಂದಿನ ಜಗಲಿಯಲ್ಲಿ ಸ್ಟೀಲಿನ ಅಗಲ ತಟ್ಟೆಗಳನ್ನು ಸಾಲಾಗಿರಿಸಿಕೊಂಡು, ಮಕ್ಕಳೊಡನೆ ಕುಕ್ಕರಗಾಲಿನಲ್ಲಿ ಕುಳಿತು ಆಡುವ ಈ ಎಣ್ಣೆಯಾಟವೇ ಎಂದು ನಿಸ್ಸಂಕೋಚವಾಗಿ ಹೇಳುವೆನು.

ಈ ಆಟ ನಮ್ಮ ಕಡೆಯ ಮಕ್ಕಳಿಗೆ ದೂರದೇಶದ ಕಥೆಯಲ್ಲ. 2006ರಲ್ಲಿ, ಮೇ ಮುಗಿಯುತ್ತ ಮುಂಗಾರು ಕಾಲಿಡುತ್ತಿದ್ದ ಹೊತ್ತಿಗೆ, ‘ಓಷನ್ ಸೆರಾಯಾ’ ಎಂಬ ಹಡಗು ಕಾರವಾರದೆದುರಿನ ಕಡಲಲ್ಲಿ ಬಂಡೆಗೆ ಸಿಕ್ಕಿಬಿದ್ದು, ಅದರ ಒಡಲಿನ ಇಂಧನತೈಲ ಸೋರಿ ದಂಡೆಯನ್ನು ಕಪ್ಪಾಗಿಸಿತ್ತು. ಈಗಿನ ವಿದ್ಯಾರ್ಥಿಗಳು ಆಗ ಹುಟ್ಟಿಯೂ ಇರಲಿಲ್ಲ. ಆದರೆ ಮಳೆಗಾಲದಲ್ಲಿ ತೆರೆಯೊಡನೆ ಬಂದು ಬೀಳುವ ಡಾಂಬರಿನ ಉಂಡೆಗಳನ್ನು ಮೆಟ್ಟದ ಪಾದ ನಮ್ಮಲ್ಲಿ ಅಪರೂಪ. ಅದನ್ನು ಬಿಡಿಸಲು ಸೀಮೆಎಣ್ಣೆಯೇ ಬೇಕು, ನೀರು ಸಾಲದು ಎಂಬ ರಸಾಯನಶಾಸ್ತ್ರವನ್ನು ಅವರಿಗೆ ಅವರ ಅಜ್ಜಿಯರೇ ನನಗಿಂತ ಮೊದಲು ಕಲಿಸಿರುತ್ತಾರೆ.

ಸಿದ್ಧತೆಯಲ್ಲಿಯೇ ಅರ್ಧ ಸುಖವಿದೆ. ಸಮುದ್ರದ ನೀರನ್ನು ಕೊಡದಲ್ಲಿ ಹೊತ್ತು ತರುವವರು ಕೆಲವರು; ದೀಪದ ಕುಡಿಗೆ ಹೆಂಚಿನ ಚೂರು ಹಿಡಿದು ಮಸಿ ಕೂಡಿಸಿ, ಅದನ್ನು ಎಣ್ಣೆಯಲ್ಲಿ ಅರೆದು, ನೋಡಿದರೆ ಹಡಗಿನಿಂದಲೇ ಬಂತೇನೋ ಎಂಬ ಬಣ್ಣ ಬರಿಸುವವರು ಕೆಲವರು. ಗ್ಯಾರೇಜಿನಲ್ಲಿ ಪುಕ್ಕಟೆ ಸಿಕ್ಕುವ ಕರಿ ಆಯಿಲ್ ಇರುವಾಗ ಈ ಸಾಹಸವೇಕೆಂದು ಕೇಳುವವರುಂಟು. ಅದು ಕೈಗೆ ತಾಗಬಾರದ ವಸ್ತು, ಮಕ್ಕಳಾದರೋ ಕೈಯಿಂದ ಮುಟ್ಟದೆ ಏನನ್ನೂ ನಂಬದವರು. ಆದುದರಿಂದ ತಿನ್ನುವ ಎಣ್ಣೆಯೇ ಕ್ಷೇಮ. ಪ್ರತಿ ತಟ್ಟೆಗೆ ಒಂದು ಲೀಟರು ಕಡಲನೀರು, ಅದರ ಮೇಲೆ ಅಳತೆಯ ನಳಿಗೆಯಿಂದ 20 ಮಿಲಿಲೀಟರು ಎಣ್ಣೆ. ಆಮೇಲೆ ಅಖಾಡಕ್ಕಿಳಿಯುವ ಜಟ್ಟಿಗಳು: ಔಷಧಿ ಅಂಗಡಿಯ ಹತ್ತಿ, ತೆಂಗಿನ ನಾರು, ಮರಗೆಲಸದವರ ಗರಗಸದ ಹುಡಿ, ಸಲೂನಿನಿಂದ ಚೀಲದಲ್ಲಿ ತಂದ ಕೂದಲು, ಹಳೆಯ ದಿಂಬಿನ ಹೊಟ್ಟೆಯಿಂದ ಕಿತ್ತ ಬೂರುಗದ ಅರಳೆ.

ಸುರಿಯುವ ಮುನ್ನ ಬರೆಯಬೇಕು. ಇದು ನನ್ನ ಆಟದ ಕಠಿಣವಾದ ಏಕೈಕ ನಿಯಮ. ಯಾವುದು ಗೆಲ್ಲುವುದು, ಏಕೆ ಗೆಲ್ಲುವುದು ಎಂಬುದನ್ನು ಪ್ರತಿಯೊಬ್ಬರೂ ಕಾಗದದಲ್ಲಿ ಬರೆದು ಸಹಿ ಹಾಕಿ ನನ್ನ ಕೈಗೆ ಕೊಟ್ಟ ಹೊರತು ಎಣ್ಣೆಯ ಸೀಸೆಯ ಬಿರಡೆ ತೆರೆಯುವುದಿಲ್ಲ. ಏಕೆಂದರೆ ಫಲವನ್ನು ಕಂಡ ಮೇಲೆ ‘ನಾನು ಮೊದಲೇ ಅಂದುಕೊಂಡಿದ್ದೆ’ ಎನ್ನುವ ದೌರ್ಬಲ್ಯ ಮನುಷ್ಯಮಾತ್ರರಿಗೆಲ್ಲ ಸಹಜವಾದದ್ದು; ಶಿಕ್ಷಣಾಧಿಕಾರಿಗಳಿಗೂ ಅದು ತಪ್ಪಿದ್ದಲ್ಲ. ಬರೆದಿಟ್ಟ ಊಹೆ ಮಾತ್ರ ಸುಳ್ಳಾಗಬಲ್ಲುದು, ಸುಳ್ಳಾಗಬಲ್ಲ ಊಹೆಯಿಂದ ಮಾತ್ರ ಏನಾದರೊಂದನ್ನು ಕಲಿಯಬಹುದು. ತಪ್ಪಿದ ಊಹೆಗೆ ನಾನು ಅಂಕ ಕಳೆಯುವುದಿಲ್ಲ. ಕಾರಣ ಬರೆಯದ ಊಹೆಗೆ ಕಳೆಯುತ್ತೇನೆ.

“ಸರ್, ಔಷಧಿ ಅಂಗಡಿ ಹತ್ತಿಯೇ ಗೆಲ್ತದೆ. ಎಷ್ಟು ಬೆಳ್ಳಗಿದೆ ನೋಡಿ, ಗಾಯದ ರಕ್ತವನ್ನೇ ಹೀರ್ತದಲ್ಲ!” ಎಂದು ಹುಡುಗಿಯೊಬ್ಬಳು ವಾದಿಸಿದ್ದಳು. ಕಾರಣಸಹಿತವಾದ, ಮೆಚ್ಚತಕ್ಕ ಊಹೆ. ತರಗತಿಯ ಬಹುಮತವೂ ಅವಳ ಕಡೆಗೇ ಇತ್ತು. ಎಲ್ಲವನ್ನೂ ಎರಡೆರಡು ಗ್ರಾಮು ತೂಗಿ, ಒಂದೇ ಗಳಿಗೆಯಲ್ಲಿ ಇಳಿಸಿ, ಐದು ನಿಮಿಷ ಬಿಟ್ಟು, ಒಬ್ಬನೇ ಹುಡುಗನ ಕೈಯಿಂದ ಹಿಂಡಿಸಿದೆವು. ತಟ್ಟೆಗೊಬ್ಬರಂತೆ ಹಿಂಡಿದರೆ ನಾರಿನ ಗುಣವನ್ನಲ್ಲ, ಕೈಯ ಬಲವನ್ನು ಅಳೆದಂತಾಗುತ್ತದೆ. ಒಂದು ಸಲಕ್ಕೆ ಒಂದೇ ಸಂಗತಿ ಬದಲಾಗಬೇಕು, ಉಳಿದುದೆಲ್ಲ ಇದ್ದಂತೆಯೇ ಇರಬೇಕು ಎಂಬ ಮಾತನ್ನು ಕರಿಹಲಗೆಯ ಮೇಲೆ ಬರೆದರೆ ಮಕ್ಕಳು ಆಕಳಿಸುತ್ತಾರೆ. ಹಿಂಡುವ ಕೆಲಸ ಯಾರಿಗೆ ಎಂಬ ಜಗಳದಲ್ಲಿ ಅದನ್ನೇ ಒಬ್ಬರಿಗೊಬ್ಬರು ಬೋಧಿಸುತ್ತಾರೆ.

ಹಿಂಡಿ ಬಂದದ್ದನ್ನು ಗಾಜಿನ ನಳಿಗೆಯಲ್ಲಿ ನಿಲ್ಲಿಸಿ ಕಾಯುವ ಆ ಹೊತ್ತೇ ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಮೊದಲು ಎಲ್ಲವೂ ಕಲಕಿದ ಬೂದುಬಣ್ಣ. ತರುವಾಯ ಅದರೊಳಗೆ ಕಪ್ಪು ಮಣಿಗಳು ಒಂದೊಂದಾಗಿ ಮೇಲೇರತೊಡಗಿ, ಒಂದನ್ನೊಂದು ಕೂಡಿ, ಕೊನೆಗೆ ಕೆಳಗೆ ನೀರು ಮೇಲೆ ಎಣ್ಣೆ ಎಂದು ಗೆರೆ ಎಳೆದಂತೆ ಬೇರ್ಪಟ್ಟು ನಿಲ್ಲುತ್ತವೆ. ಕಣ್ಣನ್ನು ಆ ಗೆರೆಯ ಮಟ್ಟಕ್ಕೆ ಇಳಿಸಿ, ಉಸಿರು ಬಿಗಿಹಿಡಿದು ಅಂಕಿಯನ್ನು ಓದುವ ಮಗುವಿನ ಮುಖವನ್ನು ನೋಡುವುದಕ್ಕಾಗಿಯೇ ನಾನು ಈ ಉದ್ಯೋಗದಲ್ಲಿದ್ದೇನೆಂದರೂ ಸಲ್ಲುತ್ತದೆ. ಆ ದಿನ ಔಷಧಿ ಅಂಗಡಿಯ ಹತ್ತಿಯ ನಳಿಗೆಯಲ್ಲಿ ಬಹುಪಾಲು ನೀರೇ ಇತ್ತು. ಉಪವಾಸ ಬಿಟ್ಟವನು ಪಾನಕ ಕಂಡಂತೆ ಅದು ಸಮುದ್ರವನ್ನೇ ಕುಡಿದು ಮುಳುಗಿತ್ತು. ಗರಗಸದ ಹುಡಿ ಎರಡನ್ನೂ ಸಮದೃಷ್ಟಿಯಿಂದ ಹೀರಿತ್ತು. ಬೂರುಗದ ನಳಿಗೆಯಲ್ಲಾದರೋ ಎಣ್ಣೆಯೇ ಎಣ್ಣೆ, ನೀರು ಹೆಸರಿಗಷ್ಟೇ.

ಹತ್ತಿಯೂ ಅರಳೆಯೇ, ಬೂರುಗದ್ದೂ ಅರಳೆಯೇ, ಹೀಗೇಕಾಯಿತು ಎಂದು ಹುಡುಗಿ ಬಿಡದೆ ಕೇಳಿದಳು. ಗಿಡದ ಮೇಲಿದ್ದಾಗ ಹತ್ತಿಯ ಎಳೆಗೂ ಮೇಣದ ತೆಳು ಲೇಪವಿರುತ್ತದೆ, ಅದರಿಂದ ಅದು ನೀರನ್ನು ಒಲ್ಲದು. ಗಾಯಕ್ಕೆ ತಕ್ಕುದಾಗಲೆಂದು ಕಾರ್ಖಾನೆಯಲ್ಲಿ ಕ್ಷಾರದೊಡನೆ ಕುದಿಸಿ ಆ ಮೇಣವನ್ನು ತೆಗೆದುಹಾಕುತ್ತಾರೆ. ಬೂರುಗದ ಎಳೆಯ ಮೇಣವನ್ನು ಯಾರೂ ತೆಗೆದಿಲ್ಲ. ಅದರ ಮೇಲೆ ಎಳೆಯ ಒಡಲು ಟೊಳ್ಳು, ಆದ್ದರಿಂದ ಎಣ್ಣೆಗೆ ಒಳಗೂ ಜಾಗವುಂಟು. ಇಷ್ಟು ಹೇಳಿದ್ದೇ ತಡ, ಹಾಗಾದರೆ ಬಿಡಿಸಿದಂತೆಯೇ ಇರುವ ಹಸಿ ಹತ್ತಿಯನ್ನು ತಂದು ನೋಡಬೇಕೆಂದು ಅವಳೇ ಮುಂದಿನ ಪ್ರಯೋಗವನ್ನು ಗೊತ್ತುಮಾಡಿದಳು. ಮೇಷ್ಟ್ರ ಕೆಲಸ ಅಲ್ಲಿಗೆ ಮುಗಿಯಿತು.

ಕೂದಲನ್ನು ಕಂಡು ನಕ್ಕವರಿಗೆ ಅಮೆರಿಕದ ಅಲಬಾಮಾ ಪ್ರಾಂತದ ಫಿಲ್ ಮೆಕ್ರೋರಿ ಎಂಬ ಕ್ಷೌರಿಕನ ಕಥೆಯನ್ನು ಹೇಳುವುದುಂಟು. 1989ರ ಮಾರ್ಚ್ 24ರಂದು ‘ಎಕ್ಸಾನ್ ವಾಲ್ಡೀಜ್’ ಎಂಬ ಹಡಗು ಅಲಾಸ್ಕಾದ ಪ್ರಿನ್ಸ್ ವಿಲಿಯಂ ಕೊಲ್ಲಿಯಲ್ಲಿ ಬಂಡೆಗೆ ತಾಗಿ, 4 ಕೋಟಿ ಲೀಟರಿಗೂ ಮಿಕ್ಕ ಕಚ್ಚಾತೈಲ ಹರಿದಾಗ, ನೀರುನಾಯಿಯೊಂದರ ತುಪ್ಪಳ ಎಣ್ಣೆಯಿಂದ ತೊಯ್ದಿರುವುದನ್ನು ಆತ ದೂರದರ್ಶನದಲ್ಲಿ ಕಂಡನು. ತುಪ್ಪಳ ಹಿಡಿಯುವುದಾದರೆ ತನ್ನ ಅಂಗಡಿಯ ನೆಲದ ಮೇಲೆ ದಿನವೂ ಗುಡಿಸುವ ಕೂದಲೇಕೆ ಹಿಡಿಯಬಾರದು? ಹೆಂಡತಿಯ ನೈಲಾನ್ ಕಾಲುಚೀಲಕ್ಕೆ ಕೂದಲು ತುಂಬಿ, ಮಗನ ಆಟದ ಕೊಳದಲ್ಲಿ ನೀರಿನ ಮೇಲೆ ಎಂಜಿನ್ ಆಯಿಲ್ ಹೊಯ್ದು ಪರೀಕ್ಷಿಸಿಯೇಬಿಟ್ಟನು. ಕೂದಲು ಎಣ್ಣೆಯನ್ನು ಹಿಡಿಯಿತು. ನೋಟ, ಪ್ರಶ್ನೆ, ಊಹೆ, ಪರೀಕ್ಷೆ ಎಂದು ಪಠ್ಯಪುಸ್ತಕ ಬಾಣದ ಗುರುತು ಹಾಕಿ ತೋರಿಸುವುದನ್ನೆಲ್ಲ ಆ ಮಹಾನುಭಾವ ಹಿತ್ತಲಲ್ಲಿ ಮಾಡಿ ಮುಗಿಸಿದ್ದನು. ಕಾಲುಚೀಲವನ್ನು ಕುರಿತು ಅವನ ಹೆಂಡತಿಯ ಅಭಿಪ್ರಾಯವನ್ನು ನಾನು ನಮ್ಮ ಮನೆಯ ಅನುಭವದಿಂದ ಊಹಿಸಬಲ್ಲೆ.

ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಹಾಕಿದ ತಟ್ಟೆಯ ಮುಂದೆ ಮಕ್ಕಳ ಸಂಭ್ರಮ ಹೇಳತೀರದು. ನಾಲ್ಕು ತೊಟ್ಟು ಬಿದ್ದು ಕದಡಿದೊಡನೆಯೇ ಕರಿಯ ಪೊರೆ ಹರಿದು ಮಾಯವಾಗುತ್ತದೆ, “ಹೋಯ್ತು ಸರ್, ಹೋಯ್ತು!” ಎಂಬ ಜಯಘೋಷ ಏಳುತ್ತದೆ. ಅದೇ ನೀರಿನ ಒಂದು ಹನಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಎಣ್ಣೆಯೆಲ್ಲ ಸಣ್ಣ ಸಣ್ಣ ಗುಂಡುಗಳಾಗಿ ಅಲ್ಲಿಯೇ ತೇಲುತ್ತಿರುತ್ತದೆ. 1967ರಲ್ಲಿ ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಬಳಿ ಲಕ್ಷ ಟನ್ನಿಗೂ ಹೆಚ್ಚು ತೈಲವಿದ್ದ ‘ಟಾರಿ ಕ್ಯಾನಿಯನ್’ ಎಂಬ ಹಡಗು ಒಡೆದು ಕಡಲನ್ನು ಕೆಡಿಸಿದಾಗ, ಅಲ್ಲಿನ ಸರ್ಕಾರವೂ ಇಂಥದೇ ಜಯಘೋಷವನ್ನು ಬಯಸಿ ಸಾವಿರಾರು ಟನ್ ಮಾರ್ಜಕವನ್ನು ಸುರಿಸಿತು. ಬಂಡೆಗಳ ಚಿಪ್ಪುಜೀವಿಗಳಿಗೆ ಎಣ್ಣೆಗಿಂತ ಆ ಮಾರ್ಜಕವೇ ಹೆಚ್ಚಿನ ಮೃತ್ಯುವಾಯಿತು.

ಇನ್ನು ಉಳಿದದ್ದು ಸಾಲಿನ ಕೊನೆಯ ತಟ್ಟೆ. ಅದರಲ್ಲಿ ನೀರೂ ಎಣ್ಣೆಯೂ ಉಂಟು, ಮತ್ತೇನೂ ಇಲ್ಲ. ಅದನ್ನು ಯಾರೂ ಮುಟ್ಟತಕ್ಕದ್ದಲ್ಲ. ಮಕ್ಕಳು ಅದಕ್ಕೆ ಸೋಮಾರಿ ತಟ್ಟೆಯೆಂದು ಹೆಸರಿಟ್ಟಿದ್ದಾರೆ, ಅದರ ಕಾವಲಿಗೆ ನೇಮಕವಾದವನು ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಆದರೆ ಲೆಕ್ಕ ಒಪ್ಪಿಸುವ ಹೊತ್ತಿಗೆ ಎಲ್ಲರೂ ಅವನ ಬಳಿಗೇ ಬರಬೇಕು. ಸೋಮಾರಿ ತಟ್ಟೆಯನ್ನು ನಳಿಗೆಗೆ ಬಗ್ಗಿಸಿದರೆ ಹೊಯ್ದ 20 ಮಿಲಿಲೀಟರು ಪೂರ್ತಿ ಬರುವುದಿಲ್ಲ. ಒಂದಿಷ್ಟು ಎಣ್ಣೆ ಯಾರ ಪ್ರತಾಪವೂ ಇಲ್ಲದೆ ತಟ್ಟೆಯ ಅಂಚಿಗೆ ತಾನಾಗಿ ಅಂಟಿಕೊಂಡಿರುತ್ತದೆ. ‘ನಮ್ಮ ನಾರು ತೆಗೆಯಿತು’ ಎಂದು ಬೀಗುತ್ತಿದ್ದ ಪಂಗಡಗಳೆಲ್ಲ ಆಗ ತಮ್ಮ ಲೆಕ್ಕದಿಂದ ಅಷ್ಟನ್ನು ಕಳೆಯಬೇಕಾಗುತ್ತದೆ. ಅಲಾಸ್ಕಾದಲ್ಲಿಯೂ ತೀರದ ಕೆಲವು ತುಣುಕುಗಳನ್ನು ಹೀಗೆಯೇ ತೊಳೆಯದೆ ಬಿಟ್ಟಿದ್ದರು. ಉಳಿದ ಕಡೆ ಬಂಡೆಗಳನ್ನು ಬಿಸಿನೀರಿನ ರಭಸದ ಧಾರೆಯಿಂದ ತೊಳೆದಾಗ, ಎಣ್ಣೆಗೆ ಸಿಕ್ಕಿಯೂ ಬದುಕಿದ್ದ ಜೀವಿಗಳು ಆ ಬಿಸಿಗೆ ಸತ್ತುವೆಂಬುದು ತಿಳಿದುಬಂದದ್ದು ತೊಳೆಯದ ಆ ತುಣುಕುಗಳೊಡನೆ ಹೋಲಿಸಿ ನೋಡಿದ್ದರಿಂದ. ಏನಾದರೂ ಮಾಡಿ ಎಂದು ಲೋಕವೆಲ್ಲ ಕೂಗುತ್ತಿರುವಾಗ ಒಂದಷ್ಟು ಜಾಗವನ್ನು ಸುಮ್ಮನೆ ಬಿಟ್ಟು ನೋಡುವ ಎದೆಗಾರಿಕೆ ಸಾಮಾನ್ಯವಾದದ್ದಲ್ಲ.

ಓದುಗರಲ್ಲಿ ಯಾರಿಗಾದರೂ ಮನೆಯಲ್ಲಿ ಮಾಡಿ ನೋಡುವ ಮನಸ್ಸಾದರೆ, ಎಣ್ಣೆ ಅರ್ಧ ಬಟ್ಟಲು ಸಾಕು, ಸಮುದ್ರವಿಲ್ಲದ ಊರಿನವರು ಲೀಟರು ನೀರಿಗೆ 35 ಗ್ರಾಮು ಉಪ್ಪು ಕರಗಿಸಿಕೊಳ್ಳಬಹುದು, ಸೋಮಾರಿ ತಟ್ಟೆಯನ್ನು ಮಾತ್ರ ಬಿಡಬಾರದು. ಆಟ ಮುಗಿದ ಮೇಲೆ ಎಣ್ಣೆಯನ್ನು ಬಚ್ಚಲಿಗೆ ಚೆಲ್ಲಬೇಡಿ; ನಾರನ್ನೂ ಹುಡಿಯನ್ನೂ ಹರಡಿ ಒಣಗಿಸಿ ನೀರೊಲೆಗೆ ಹಾಕಿದರೆ ಚೆನ್ನಾಗಿ ಉರಿಯುತ್ತವೆ. ಕೂದಲನ್ನು ಒಲೆಗೆ ಹಾಕಲೇಬೇಡಿ. ಆ ವಾಸನೆಯ ತರುವಾಯ ಎರಡನೆಯ ಪ್ರಯೋಗಕ್ಕೆ ಮನೆಯವರು ಅಪ್ಪಣೆ ಕೊಡುವುದಿಲ್ಲ.