ಅಟ್ಟದ ಮೇಲಿನ 70 ಕಿಲೋ

ಪೆಟ್ಟಿಗೆಯ ಕೊಂಡಿಗೆ ತುಕ್ಕು. ಸ್ಕ್ರೂಡ್ರೈವರ್ ತೂರಿಸಿ ಎಬ್ಬಿಸುತ್ತೀರಿ. ಮುಚ್ಚಳ ತೆರೆದ ಕೂಡಲೇ ಮುಗ್ಗಲು ವಾಸನೆ. ಮೂಲೆಯಲ್ಲಿ ಕರಗಿ ಸಣ್ಣದಾದ ನ್ಯಾಫ್ತಲಿನ್ ಗುಳಿಗೆ.

‘ಚಿಕ್ಕಪ್ಪ ಹೋದ ಮೇಲೆ ಯಾರೂ ಮುಟ್ಟಲಿಲ್ಲ ಮಗಾ. ಕಲಿಯುವುದಾದರೆ ನೀನೇ ತಗೊಂಡು ಹೋಗು’ ಎನ್ನುತ್ತಾರೆ ಚಿಕ್ಕಮ್ಮ.

ಕೈ ತಾನಾಗಿ ತಂತಿಯತ್ತ ಹೋಗುತ್ತದೆ. ತಡೆಯಿರಿ, ಮೊದಲು ನೋಡುವ ಕೆಲಸ. ಗಿಟಾರನ್ನು ಜಗಲಿಯ ಬೆಳಕಿಗೆ ತಂದು, ಒಂದು ಕಣ್ಣು ಮುಚ್ಚಿ ಕುತ್ತಿಗೆಯುದ್ದಕ್ಕೂ ನೋಟ ಹಾಯಿಸುತ್ತೀರಿ. ತುಸು ಬಾಗಿದೆ. ತಂತಿಗಳ ಬುಡ ಹಿಡಿದ ಬ್ರಿಡ್ಜಿನ ಹಿಂದೆ ಮೇಲ್ಹಲಗೆ ಉಬ್ಬಿದೆ. ಹನ್ನೆರಡನೇ ಫ್ರೆಟ್ಟಿನ (ಕುತ್ತಿಗೆಯ ಲೋಹದ ಅಡ್ಡಪಟ್ಟಿ) ಮೇಲೆ ದಪ್ಪ ತಂತಿ 4 ಮಿ.ಮೀ. ಎತ್ತರದಲ್ಲಿ ನಿಂತಿದೆ. 2.5ರ ಆಸುಪಾಸಿನಲ್ಲಿದ್ದರೆ ಬೆರಳಿಗೆ ಹಿತ.

ಯಾರೂ ಮುಟ್ಟದ ಗಿಟಾರ್ ಬಾಗಿದ್ದು ಹೇಗೆ? ಶ್ರುತಿಗೆ ಏರಿಸಿದ ಆರು ಉಕ್ಕಿನ ತಂತಿಗಳು ಸೇರಿ 70 ಕಿಲೋಗೂ ಹೆಚ್ಚು ಬಲದಿಂದ ಎಳೆಯುತ್ತವೆ. ನುಡಿಸಿದರೂ ಅಷ್ಟೇ, ಅಟ್ಟಕ್ಕೆ ಹಾಕಿದರೂ ಅಷ್ಟೇ. ಕಾಲ ಕಳೆದು ಶ್ರುತಿ ಇಳಿದರೂ ಎಳೆತ ಪೂರ್ತಿ ನಿಲ್ಲುವುದಿಲ್ಲ. ಅದನ್ನು ತಡೆದು ನಿಂತ ಮೇಲ್ಹಲಗೆಯ ದಪ್ಪ ಸುಮಾರು 3 ಮಿ.ಮೀ. ಮಾತ್ರ. ಸಾಲದ್ದಕ್ಕೆ ಮಂಗಳೂರಿನ ಮಳೆಗಾಲ. ಗಿಟಾರಿಗೆ ಒಗ್ಗುವ ತೇವಾಂಶ ಶೇ 45ರಿಂದ 55. ಜುಲೈಯಲ್ಲಿ ಇಲ್ಲಿನ ಗಾಳಿ ಶೇ 90ರ ಹತ್ತಿರ. ತೇವ ಕುಡಿದ ಮರ ಎಳೆದತ್ತ ಮಣಿಯುತ್ತದೆ.

ಹಾಗಾಗಿ ಮೊದಲು ಸಡಿಲಿಸುವುದು. ಆರೂ ತಂತಿಗಳನ್ನು ಸರದಿಯಲ್ಲಿ, ಸ್ವಲ್ಪ ಸ್ವಲ್ಪವೇ ಇಳಿಸುತ್ತೀರಿ. ಬಿರಡೆ ಕಿರುಗುಟ್ಟುತ್ತದೆ, ಅದರ ಹಲ್ಲುಚಕ್ರಕ್ಕೆ ಹೊಲಿಗೆ ಮೆಷಿನ್ನಿನ ಎಣ್ಣೆ ಒಂದು ಹನಿ ಸಾಕು. ಬ್ರಿಡ್ಜಿನ ಪಿನ್ನುಗಳು ಕದಲುವುದಿಲ್ಲ. ಇಕ್ಕಳ ಹಾಕಿದರೆ ಮುರಿದಾವು. ನಡುವಿನ ತೂತಿನೊಳಗೆ ಕೈ ತೂರಿಸಿ, ನಾಣ್ಯವೊಂದರಿಂದ ಕೆಳಗಿನಿಂದ ಒತ್ತಿ. ಟಕ್! ಪಿನ್ನು ಮೇಲೆದ್ದಿತು.

ತಂತಿ ತೆಗೆದ ಮೇಲೆ ಫ್ರೆಟ್‌ಬೋರ್ಡಿನ ಕೊಳೆ ಕಾಣುತ್ತದೆ. ಮರಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ, ಅತಿ ನಯವಾದ ಸ್ಟೀಲ್ ವುಲ್ಲಿನಿಂದ ಫ್ರೆಟ್ಟುಗಳನ್ನು ಉಜ್ಜುತ್ತೀರಿ. ಹಸಿರುಗಟ್ಟಿದ ಲೋಹ ಹೊಳೆಯತೊಡಗುತ್ತದೆ. ಟೇಪ್ ಕಿತ್ತು, ಬೂದಿಬಣ್ಣಕ್ಕೆ ತಿರುಗಿದ ಮರಕ್ಕೆ ತುಸುವೇ ಎಣ್ಣೆ ಸವರಿದರೆ ಕಪ್ಪುಗೆಂಪು ನಾರು ಎದ್ದು ಬರುತ್ತದೆ. ಇದು ಬೀಟೆ, ನಮ್ಮ ಘಟ್ಟದ ಮರ. ಬ್ರೆಜಿಲಿನ ರೋಸ್‌ವುಡ್ ಸಿಗುವುದು ಕಷ್ಟವಾದಾಗ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಹಿಡಿದದ್ದು ಭಾರತದ ಈ ಬೀಟೆಯನ್ನೇ.

ಮೈಗೆ ತೇವದ ಮೆತ್ತನೆ ಬಟ್ಟೆ ಸಾಕು. ಥಿನ್ನರ್ ಹಾಕಿದರೆ ಹಳೆಯ ಪಾಲಿಶ್ ಎದ್ದು ಬರುತ್ತದೆ. ಚಿಕ್ಕಪ್ಪನ ಕೈ ಸವೆಸಿದ ಜಾಗ ಹಾಗೇ ಇರಲಿ.

ಇನ್ನು ಬ್ರಿಡ್ಜ್. ಅದರ ಹಿಂಬದಿಗೆ ತೆಳು ಕಾಗದ ಹಿಡಿದರೆ ಸರಾಗವಾಗಿ ಒಳಗೆ ಹೋಗುತ್ತದೆ. ಅಂಟು ಬಿಟ್ಟಿದೆ. ಹೊಸಬರು ಇಲ್ಲಿಗೆ ಕೈ ನಿಲ್ಲಿಸಿ ರಿಪೇರಿಯವರ ಬಳಿ ಒಯ್ಯಬೇಕು.

‘ಸೂಪರ್ ಗ್ಲೂ ಹಾಕ್ಲಿಲ್ಲ ಅಲ್ಲ ಮಾರಾಯ್ರೆ?’ ರಿಪೇರಿಯವರ ಮೊದಲ ಪ್ರಶ್ನೆ ಇದು. ಇಲ್ಲ ಎಂದಾಗ ಅವರ ಮುಖ ಅರಳುತ್ತದೆ. ಬ್ರಿಡ್ಜನ್ನು ಬಿಸಿ ಮಾಡಿ, ತೆಳು ಅಲಗು ತೂರಿಸಿ ಮೆಲ್ಲಗೆ ಬಿಡಿಸುತ್ತಾರೆ. ಹಳೆ ಅಂಟನ್ನು ಮರ ಕಾಣುವವರೆಗೆ ಕೆರೆಯುತ್ತಾರೆ. ಅದರ ಮೇಲೆ ಹೊಸದು ಹಿಡಿಯುವುದಿಲ್ಲ. ಅಂಟು ಬಳಿದು ಕ್ಲಾಂಪ್ ಬಿಗಿದು, ‘ನಾಳೆಯವರೆಗೆ ಮುಟ್ಟುವುದು ಬೇಡ’ ಎನ್ನುತ್ತಾರೆ. ಕುತ್ತಿಗೆಯ ಬಾಗು ತಿದ್ದಲು ಅದರೊಳಗಿನ ಟ್ರಸ್ ರಾಡಿಗೆ ಕಾಲು ಸುತ್ತು ಬಿಗಿ ಕೊಡುವುದೂ ಅವರೇ.

ಈಗ ಹೊಸ ತಂತಿ. ತೀರಾ ತೆಳು ತಂತಿ 0.012 ಇಂಚಿರುವ ಸೆಟ್ ಬೇಡ, 0.010ರದ್ದು ಕೊಳ್ಳಿ, ಎಳೆತ 60 ಕಿಲೋದ ಹತ್ತಿರಕ್ಕೆ ಇಳಿಯುತ್ತದೆ. ಶ್ರುತಿ ಮಾಡಿ ಅಳೆದರೆ ಎತ್ತರ 3 ಮಿ.ಮೀ. ಇನ್ನರ್ಧ ಮಿ.ಮೀ. ಇಳಿಸಬೇಕೆಂದರೆ ತಂತಿ ಕೂರುವ ಸ್ಯಾಡಲ್ಲಿನ ತಳವನ್ನು 1 ಮಿ.ಮೀ. ಉಜ್ಜಬೇಕು, ಅಲ್ಲಿ ತೆಗೆದದ್ದರ ಅರ್ಧವಷ್ಟೇ ಹನ್ನೆರಡನೇ ಫ್ರೆಟ್ಟಿನಲ್ಲಿ ಕಾಣುತ್ತದೆ. ಮರಳುಕಾಗದವನ್ನು ಗಾಜಿನ ಮೇಲಿಟ್ಟು ಉಜ್ಜಿ, ಪದೇ ಪದೇ ಅಳೆಯುತ್ತೀರಿ. ಹೆಚ್ಚು ತೆಗೆದರೆ ತಂತಿ ಫ್ರೆಟ್ಟಿಗೆ ಬಡಿದು ಗುರ್ರೆನ್ನುತ್ತದೆ.

ಮತ್ತೆ ಶ್ರುತಿ. ಐದನೇ ತಂತಿ 110 ಹರ್ಟ್ಸಿಗೆ ಏರಿ, ನೋಡನೋಡುತ್ತಲೇ ಇಳಿಯುತ್ತದೆ. ಗಾಬರಿ ಬೇಡ, ಹೊಸ ತಂತಿ ಹಿಗ್ಗುತ್ತದೆ. ಇನ್ನೊಮ್ಮೆ ಏರಿಸಿ, ಒಂದು ಕಾರ್ಡ್ ಹಿಡಿಯಿರಿ. ಬೆರಳ ತುದಿ ಉರಿಯುತ್ತದೆ, ಆದರೆ ಆರೂ ತಂತಿ ಮಾತಾಡುತ್ತವೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಗಿಟಾರ್ ಇದ್ದರೆ ದುರಸ್ತಿ ಪುರುಸೊತ್ತಿನಲ್ಲಿ ಆಗಲಿ. ತಂತಿಗಳನ್ನು ಮಾತ್ರ ಇವತ್ತೇ ಸಡಿಲಿಸಿ.